ಹನ್ನೊಂದನೇ ಪ್ರಶ್ನೆಯ ತಪ್ಪು ಉತ್ತರ

ಕಲಬುರಗಿ
ಬುಧವಾರ, 12 ಫೆಬ್ರುವರಿ 2025

ಪ್ರೀತಿಯ ಅಲಿಯಾ,

ಈ ಕವರು ಕೈಗೆ ಬಂದಾಗ ನಿನ್ನ ಮುಖ ಹೇಗಿತ್ತು ಎಂದು ನೋಡಬೇಕಿತ್ತು. ಹೌದು ಕಣೇ, ಕಾಗದ. ಸ್ಪೀಡ್ ಪೋಸ್ಟ್ ಕೌಂಟರಿನಲ್ಲಿ ಅರ್ಧ ಗಂಟೆ ನಿಂತು ಕಳಿಸಬೇಕು. ಜಲಜಾ ಅಜ್ಜಿಗಂತೂ ಮೊಮ್ಮಗಳು ಕಡೆಗೂ ಸರಿದಾರಿಗೆ ಬಂದಳು ಎಂದು ಸಂತೋಷ.

ಕಾರಣ ನಿನಗೂ ಗೊತ್ತಿರಬೇಕು. ಸ್ಪರ್ಧೆಯ ಸಮಿತಿಯ ಮೇಲ್ ನಿನಗೂ ಬಂದಿರುತ್ತದೆ. "ವಿಚಾರಣೆ ಮುಗಿಯುವವರೆಗೆ ಎರಡೂ ತಂಡದವರು ಫೋನ್, ಮೆಸೇಜ್, ಮೇಲ್ ಅಥವಾ ಸಾಮಾಜಿಕ ಜಾಲತಾಣಗಳ ಮೂಲಕ ಪರಸ್ಪರ ಸಂಪರ್ಕಿಸತಕ್ಕದ್ದಲ್ಲ." ಮೂರು ಸಲ ಓದಿದೆ. ಅಂಚೆ ಎನ್ನುವ ಪದ ಅದರಲ್ಲಿಲ್ಲ. ಬಾಗಿಲಿಗೆಲ್ಲ ಬೀಗ ಜಡಿದವರು ಕಿಟಕಿ ಮರೆತಿದ್ದಾರೆ. ಹೊಸಬರಿಗೆಂದೇ ನಡೆಸಿದ ಹ್ಯಾಕಿಂಗ್ ಸ್ಪರ್ಧೆಯಲ್ಲಿ ಇಷ್ಟಾದರೂ ಕಲಿಯದಿದ್ದರೆ ಹೇಗೆ?

ನಗಿಸೋಣ ಎಂದು ಬರೆದೆ. ನಿಜ ಹೇಳಬೇಕೆಂದರೆ ಮೂರು ದಿನದಿಂದ ಊಟ ಸೇರುತ್ತಿಲ್ಲ.

ಸ್ಪರ್ಧೆಗೆ ಹೆಸರು ಕೊಡುವಾಗ ಅಜ್ಜಿ "ಹ್ಯಾಕಿಂಗ್ ಅಂದ್ರೆ ಕಳ್ಳತನ ಅಲ್ವೇನೇ?" ಎಂದು ಕೇಳಿದ್ದರು. "ಅಲ್ಲ ಅಜ್ಜಿ, ಅವರೇ ಬೀಗ ಹಾಕಿ, ತೆಗೀರಿ ನೋಡೋಣ ಅಂತಾರೆ. ಒಳಗೆ ಒಂದು ಪದ ಬಚ್ಚಿಟ್ಟಿರ್ತಾರೆ, ಅದನ್ನ ಹುಡುಕಿ ಬರೆದ್ರೆ ಅಂಕ" ಎಂದಿದ್ದೆ. ಸ್ಪರ್ಧೆಯ ಹೆಸರೇ 'ಮೊದಲ ಬೀಗ'. ಈಗ ಸಮಿತಿಯವರು ಅಜ್ಜಿಯ ಮಾತನ್ನೇ ಖರೆ ಮಾಡಲು ಹೊರಟಿದ್ದಾರೆ. (ನೋಡು, ಕಲಬುರಗಿಗೆ ಬಂದು ಎಂಟು ತಿಂಗಳಿಗೆ ಇಲ್ಲಿಯವರ ಹಾಗೆ ನಿಜಕ್ಕೆ ಖರೆ ಅನ್ನಲು ಕಲಿತೆ.)

ನನಗೆ ಬಂದ ಮೇಲ್ ಹೀಗಿದೆ: ಭಾನುವಾರ ನಮ್ಮ 'ತೊಗರಿ' ತಂಡ, ನಿಮ್ಮ 'ಚಾವಿ' ತಂಡ, ಎರಡೂ ಒಂದೇ ಪ್ರಶ್ನೆಗೆ ಒಂದೇ ತಪ್ಪು ಉತ್ತರವನ್ನು ಆರು ನಿಮಿಷದ ಅಂತರದಲ್ಲಿ ಹಾಕಿವೆ. ಸರಿಯುತ್ತರ ಎಲ್ಲರಿಗೂ ಒಂದೇ ಇರಬಹುದು, ಆದರೆ ಇಂಥ ತಪ್ಪು ಇಬ್ಬರಿಗೆ ಬೇರೆಬೇರೆಯಾಗಿ ಹೊಳೆಯಲು ಸಾಧ್ಯವೇ ಇಲ್ಲವಂತೆ. ಯಾವ ಪ್ರಶ್ನೆ, ಯಾವ ಉತ್ತರ ಎಂದು ಹೇಳುವುದಿಲ್ಲವಂತೆ. ಕದ್ದವರು ಯಾರೋ ಅವರು 24ರೊಳಗೆ ಒಪ್ಪಿಕೊಂಡರೆ ಇನ್ನೊಂದು ತಂಡ ಮಾರ್ಚ್ 9ಕ್ಕೆ ಕೆ.ಆರ್.ಪುರದ ಫೈನಲ್‌ಗೆ ಹೋಗಬಹುದು. ಯಾರೂ ಒಪ್ಪದಿದ್ದರೆ ಇಬ್ಬರೂ ಹೊರಗೆ, ಎರಡೂ ಕಾಲೇಜಿಗೆ ಪತ್ರ.

ನಾನು ಕದ್ದಿಲ್ಲ. ನೀನೂ ಕದ್ದಿಲ್ಲ ತಾನೇ? ನಾನಂತೂ ಅವತ್ತು ನಲವತ್ತಕ್ಕೂ ಹೆಚ್ಚು ತಪ್ಪು ಉತ್ತರ ಹಾಕಿದ್ದೇನೆ. ಅದರಲ್ಲಿ ಇವರು ಹಿಡಿದುಕೊಂಡದ್ದು ಯಾವುದು ಎಂದು ನೆನಪಾಗುತ್ತಿಲ್ಲ. ನೀನು ಯಾವ ಯಾವ ಪ್ರಶ್ನೆ ಬಿಡಿಸಿದೆ, ಏನೇನು ಹಾಕಿದೆ ಎಂದು ಬರೆದು ಕಳಿಸು, ಹೋಲಿಸಿ ನೋಡೋಣ.

ಅಂದಹಾಗೆ, ಪಿಯುಸಿಯಲ್ಲಿ ನೋಟ್ಸ್ ಇಡುವುದಕ್ಕೆ ನಾವಿಬ್ಬರೂ ಸೇರಿ ಒಂದು ಮೇಲ್ ಖಾತೆ ಮಾಡಿದ್ದೆವಲ್ಲ, ಅದನ್ನು ಈಗಲೂ ತೆರೆಯುತ್ತೀಯಾ? ಸುಮ್ಮನೆ ಕೇಳಿದೆ.

ನಿನ್ನ,
ಶರ್ವಾಣಿ


ಶಿವಾಜಿನಗರ, ಬೆಂಗಳೂರು
ಶನಿವಾರ, 15 ಫೆಬ್ರುವರಿ 2025

ಪ್ರೀತಿಯ ಶರ್ವಾಣಿ,

ನಿನ್ನ ಕಾಗದ ಮನೆಗೆ ಬರಲಿಲ್ಲ, ಅಬ್ಬಾನ ಬೀಗ ರಿಪೇರಿ ಅಂಗಡಿಗೆ ಬಂತು. ಅಂಗಡಿ ಎಂದರೆ ಗೊತ್ತಲ್ಲ, ರಸೆಲ್ ಮಾರುಕಟ್ಟೆ ಹಿಂದಿನ ಗಲ್ಲಿಯ ಆ ಮರದ ಪೆಟ್ಟಿಗೆ, ಮೇಲೊಂದು ಛತ್ರಿ. ಅಬ್ಬಾ ಕವರನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಕೈ ಒರೆಸಿಕೊಂಡು ಕೊಟ್ಟರು. "ಫೋನ್ ಕೆಟ್ಟಿದ್ಯಾ ಅವಳದು?" ಎಂದರು. ಹೌದು ಎಂದೆ. ಅವರಿಗೆ ಇನ್ನೂ ಏನೂ ಹೇಳಿಲ್ಲ.

ನಿನ್ನ ಕಿಟಕಿಯ ಜೋಕು ಚೆನ್ನಾಗಿದೆ, ನಗು ಮಾತ್ರ ಬರಲಿಲ್ಲ. ನಿನಗೆ ಇದು ಒಂದು ಫೈನಲ್ ಹೋಗುವ ವಿಚಾರ. ನನಗೆ ಹಾಗಲ್ಲ. ನೀನು ಎರಡು ವರ್ಷ ನಮ್ಮ ಗಲ್ಲಿಗೆ ಬಂದು ಫಲೂದಾ ತಿಂದವಳು, ಅಬ್ಬಾ ಕೆಲಸ ಮಾಡುವುದನ್ನು ನೋಡಿದ್ದೀಯ. ಆದರೂ ಹೇಳುತ್ತೇನೆ. ಬೀಗದ ಕೈ ಕಳೆದುಕೊಂಡವರು ಮನೆಗೆ ಕರೆದುಕೊಂಡು ಹೋದರೆ ಅಬ್ಬಾ ಮನೆಯವರನ್ನು ಪಕ್ಕದಲ್ಲೇ ನಿಲ್ಲಿಸಿಕೊಳ್ಳುತ್ತಾರೆ. ಬೀಗ ತೆಗೆದು, ಬಾಗಿಲು ಒಂದು ಬೆರಳಷ್ಟು ಸರಿದ ಕೂಡಲೇ ಹಿಂದಕ್ಕೆ ಬಂದು, ಬೆನ್ನು ತಿರುಗಿಸಿ ಸಾಮಾನು ಕಟ್ಟಲು ಕೂರುತ್ತಾರೆ. ಹೊಸ್ತಿಲು ದಾಟುವುದಿಲ್ಲ. ನೀರು ಕೊಟ್ಟರೂ ಮೆಟ್ಟಿಲ ಮೇಲೇ ಕುಡಿಯುತ್ತಾರೆ. "ಒಳಗೆ ಏನಿದೆ ಅಂತ ನಾನು ನೋಡ್ಲಿಲ್ಲ ಅನ್ನೋದು ಅವರಿಗೆ ಗೊತ್ತಾಗ್ಬೇಕು" ಎನ್ನುತ್ತಾರೆ. ಮೂವತ್ತು ವರ್ಷದಿಂದ ಇದೇ ಪದ್ಧತಿ. ಪೊಲೀಸ್ ಕ್ವಾರ್ಟರ್ಸ್‌ನವರೂ ಅಹ್ಮದ್ ಪಾಷಾನೇ ಬರಲಿ ಎನ್ನುವುದು ಅದಕ್ಕೇ.

ಅಂಥವರ ಮಗಳು ಕದ್ದಳು ಎಂದು ಕಾಲೇಜಿಗೆ ಪತ್ರ ಬಂದರೆ ಆಮೇಲೆ ಯಾರು ಅವರನ್ನು ಬಾಗಿಲ ಮುಂದೆ ನಿಲ್ಲಿಸಿಕೊಳ್ಳುತ್ತಾರೆ? ನನಗೆ ಹೆದರಿಕೆ ಇರುವುದು ಅದೊಂದೇ. ಫೈನಲ್ ಹಾಳಾಗಿ ಹೋಗಲಿ.

ನನ್ನ ಉತ್ತರಗಳ ಪಟ್ಟಿ ಕಳಿಸುವುದಿಲ್ಲ. ಸಿಟ್ಟಾಗಬೇಡ. ಸಮಿತಿಯವರು ನನ್ನನ್ನು ಕೇಳಿದರೆ ಅವರಿಗೆ ಕೊಡುತ್ತೇನೆ. ಈಗ ನಿನಗೆ ಬರೆದು ಕೊಟ್ಟು, ನಾಳೆ ಆ ಕಾಗದ ಇನ್ನಾರದೋ ಕೈಗೆ ಸಿಕ್ಕಿದರೆ? ನಿನ್ನನ್ನು ನಂಬುತ್ತೇನೆ. ನಿನ್ನ ತಂಡದ ಆ ವಿಕ್ರಮ್‌ನನ್ನು ನಂಬುವುದಿಲ್ಲ. ಫೆಬ್ರುವರಿ ಎರಡಕ್ಕೆ ಅವನು ನನಗೆ ಮೆಸೇಜ್ ಮಾಡಿ ನಮ್ಮ ಅಭ್ಯಾಸದ ನೋಟ್ಸ್ ಕೇಳಿದ, "ಶರ್ವಾಣಿ ಹೇಳಿದ್ಲು" ಎಂದ. ನೀನು ಹೇಳಿದ್ದೆಯಾ? ಸ್ಪರ್ಧೆಗೆ ಒಂದು ವಾರ ಇರುವಾಗ ಎದುರು ತಂಡದ ನೋಟ್ಸ್ ಯಾಕೆ ಬೇಕಾಯಿತು?

ಆ ಹಳೇ ಖಾತೆಯೇ? ಅದೊಂದು ಇದೆ ಎನ್ನುವುದೇ ಮರೆತುಹೋಗಿತ್ತು.

ನಿನ್ನ,
ಅಲಿಯಾ


ಕಲಬುರಗಿ
ಮಂಗಳವಾರ, 18 ಫೆಬ್ರುವರಿ 2025

ಅಲಿಯಾ,

ವಿಕ್ರಮ್‌ಗೆ ಹೇಳಿದ್ದು ನಾನೇ. ಅವನಿಗೆ ಎಲ್ಲಿಂದ ಶುರುಮಾಡಬೇಕೆಂದು ಗೊತ್ತಿರಲಿಲ್ಲ, ನೀನು ಚೆನ್ನಾಗಿ ಬರೆದಿಟ್ಟುಕೊಳ್ಳುತ್ತೀಯ ಎಂದೆ. ನೀನು ಕೊಡಲಿಲ್ಲ, ಅವನು ಮತ್ತೆ ಕೇಳಲಿಲ್ಲ. ಅಲ್ಲಿಗೆ ಮುಗಿಯಿತು. ಇದರಲ್ಲಿ ಕಳ್ಳತನ ಎಲ್ಲಿ ಬಂತು?

ಈಗ ನನ್ನ ಸರದಿ.

"ಅದೊಂದು ಇದೆ ಎನ್ನುವುದೇ ಮರೆತುಹೋಗಿತ್ತು." ನಿನ್ನದೇ ಅಕ್ಷರ, ಗುಂಡಗೆ, ಪಿಯುಸಿಯಲ್ಲಿ ಕನ್ನಡಕ್ಕೆ ನನಗಿಂತ ಹನ್ನೆರಡು ಅಂಕ ಹೆಚ್ಚು ತಂದುಕೊಟ್ಟ ಅಕ್ಷರ. ಆ ಖಾತೆಗೆ ಯಾರು ಯಾವಾಗ ಬಂದರು ಎಂದು ಅದೇ ತೋರಿಸುತ್ತದೆ, ನಿನಗೆ ಗೊತ್ತಿಲ್ಲದ್ದೇನಲ್ಲ. 9 ಫೆಬ್ರುವರಿ, ಬೆಳಿಗ್ಗೆ 11.42, ಬೆಂಗಳೂರು. ನಿನ್ನ ಫೋನಿನ ಮಾಡೆಲ್ ಸಮೇತ ಇದೆ. ಸ್ಪರ್ಧೆ ನಡೆಯುತ್ತಿರುವಾಗ. ನಮ್ಮ ತಂಡದ ಉತ್ತರಗಳನ್ನು ನಾನು ಅವತ್ತು ಇಟ್ಟುಕೊಂಡಿದ್ದು ಅದೇ ಖಾತೆಯಲ್ಲಿ.

ನನಗೆ ಇದು ಸ್ಪರ್ಧೆಯ ಮಾರನೇ ದಿನ, ಸೋಮವಾರವೇ ಗೊತ್ತಿತ್ತು. ಮೊದಲ ಕಾಗದ ಬರೆಯುವಾಗಲೂ ಗೊತ್ತಿತ್ತು. ಸುಮ್ಮನೆ ಕೇಳಿದೆ ಎಂದು ಬರೆದದ್ದು ಸುಮ್ಮನೆ ಅಲ್ಲ. ನೀನು "ಹೌದು ಕಣೇ, ತೆರೆದಿದ್ದೆ, ಹೀಗಾಯಿತು" ಎಂದು ಒಂದು ಸಾಲು ಬರೆದಿದ್ದರೆ ನಾನು ಸಮಿತಿಯ ಮುಂದೆ ನಿನ್ನ ಪರವಾಗಿ ನಿಲ್ಲುತ್ತಿದ್ದೆ. ದೇವರಾಣೆ ನಿಲ್ಲುತ್ತಿದ್ದೆ.

ಬದಲಿಗೆ ನನಗೆ ನಿಮ್ಮ ಅಬ್ಬಾನ ಹೊಸ್ತಿಲಿನ ಕಥೆ ಹೇಳಿದೆ. ಅವರ ಬಗ್ಗೆ ನನಗಿರುವ ಗೌರವ ನಿನಗೆ ಗೊತ್ತು. ಅದನ್ನು ಹೀಗೆ ಅಡ್ಡ ಇಟ್ಟುಕೊಳ್ಳಬೇಡ.

ಇನ್ನು ಆರು ದಿನ ಇದೆ. ನನ್ನ ತಂಡದಲ್ಲಿ ಇನ್ನೂ ಮೂವರು ಇದ್ದಾರೆ, ಅವರು ಏನೂ ಮಾಡಿಲ್ಲ. ಯೋಚನೆ ಮಾಡು.

ಶರ್ವಾಣಿ


ಶಿವಾಜಿನಗರ
ಗುರುವಾರ, 20 ಫೆಬ್ರುವರಿ 2025

ಶರ್ವಾಣಿ,

ಹಾಗಾದರೆ ಮೊದಲ ಕಾಗದದ "ಪ್ರೀತಿಯ ಅಲಿಯಾ", "ಕಣೇ", ಊಟ ಸೇರುತ್ತಿಲ್ಲ, ಎಲ್ಲವೂ ಇಲಿಬೋನಿಗೆ ಇಟ್ಟ ಕೊಬ್ಬರಿ ಚೂರು. ಚೆನ್ನಾಗಿ ಇಟ್ಟೆ. ನಾನೂ ಬಂದು ಬಿದ್ದೆ.

ತೆರೆದೆ. ಸುಳ್ಳು ಹೇಳಿದೆ. ಎರಡನ್ನೂ ಒಪ್ಪುತ್ತೇನೆ. ಅಕ್ಷರಗಳನ್ನು ಅಂಕಿಗೆ ಬದಲಿಸುವ ಒಂದು ಕೋಷ್ಟಕ ನೀನು ಪಿಯುಸಿಯಲ್ಲಿ ಮಾಡಿಟ್ಟಿದ್ದೆಯಲ್ಲ, ಅದು ಬೇಕಿತ್ತು. ತೆರೆದ ಕೂಡಲೇ ಮೇಲುಗಡೆಯೇ ಹೊಸ ಫೈಲ್ ಕಂಡಿತು, 'ಮೊದಲ ಬೀಗ – ಉತ್ತರಗಳು' ಎಂದು. ಮುಟ್ಟಬೇಕು ಎನಿಸಿದ್ದೂ ನಿಜ, ಅದನ್ನೂ ಬಚ್ಚಿಡುವುದಿಲ್ಲ. ಮುಟ್ಟಲಿಲ್ಲ. ಆಚೆಗೆ ಬಂದೆ. ನನಗೆ ಬೇಕಿದ್ದ ಕೋಷ್ಟಕವನ್ನೂ ತೆಗೆದುಕೊಳ್ಳಲಿಲ್ಲ. ಎಷ್ಟು ಹೊತ್ತು ಇದ್ದೆ ಎಂದೂ ಅದರಲ್ಲೇ ಇರುತ್ತದೆ, ಅದನ್ನು ಯಾಕೆ ನೋಡಲಿಲ್ಲ? ಒಂದು ನಿಮಿಷವೂ ಆಗಿರಲಾರದು.

ಹೇಳಲಿಲ್ಲ ಯಾಕೆ ಎಂದರೆ, ಹೇಳಿದರೆ ನೀನು ನಂಬುವುದಿಲ್ಲ ಎನಿಸಿತ್ತು. ಈಗ ನೋಡು.

ನನ್ನದೊಂದು ಪ್ರಶ್ನೆ. ನಾಲ್ಕು ಜನರ ತಂಡ, ಕಾಲೇಜಿನವರೇ ಕೊಟ್ಟ ಮೇಲ್ ಇದೆ. ಅದೆಲ್ಲ ಬಿಟ್ಟು, ನನ್ನ ಕೈಯಲ್ಲೂ ಬೀಗದ ಕೈ ಇರುವ ಪೆಟ್ಟಿಗೆಯಲ್ಲೇ ಉತ್ತರ ಇಟ್ಟೆಯಲ್ಲ, ಯಾಕೆ? ಮರೆವೋ, ಅದೂ ಒಂದು ಕೊಬ್ಬರಿ ಚೂರೋ?

ನೀನು ಅಲ್ಲಿ ಕೂತು ಲೆಕ್ಕ ಹಾಕುತ್ತಿದ್ದೀಯ. ಇಲ್ಲಿ ಆಗಿರುವುದು ಕೇಳು. ನಮ್ಮ ವಿಭಾಗದ ಬಿಲ್ಕೀಸ್ ಮೇಡಂ ನಮ್ಮ ತಂಡವನ್ನು ಕರೆದು ವಿಚಾರಿಸಿದರು. ತಂಡದ ಆಶ್ರಿತಾ ಅದನ್ನು ಮನೆಯಲ್ಲಿ ಹೇಳಿದ್ದಾಳೆ. ಅವಳ ತಂದೆ ಶ್ರೀನಿವಾಸ್ ಅಂಕಲ್ ಬಸ್ ಸ್ಟ್ಯಾಂಡ್ ಹತ್ತಿರ ಲಾಡ್ಜ್ ನಡೆಸುತ್ತಾರೆ. ಹದಿನೈದು ವರ್ಷದಿಂದ ಅವರ ಅಷ್ಟೂ ರೂಮಿನ ಬೀಗ ಅಬ್ಬಾನ ಕೈಯಲ್ಲೇ. ಮಂಗಳವಾರ ಬಂದು ರಿಪೇರಿಗೆ ಬಿಟ್ಟಿದ್ದ ಎರಡು ಬೀಗ ಹಾಗೇ ವಾಪಸ್ ತೆಗೆದುಕೊಂಡು ಹೋದರು. "ಅರ್ಜೆಂಟಿತ್ತು ಪಾಷಾ, ಬೇರೆ ಕಡೆ ಮಾಡಿಸ್ತೀನಿ" ಎಂದರಂತೆ.

ಅಬ್ಬಾ ಮಧ್ಯಾಹ್ನ ಊಟಕ್ಕೆ ಬಂದರು. ಅಷ್ಟರಲ್ಲಿ ಗಲ್ಲಿಯವರಿಂದ ಕಾರಣ ಅವರ ಕಿವಿಗೂ ಬಿದ್ದಿತ್ತು. ಅರ್ಧ ಊಟದಲ್ಲಿ ನಿಲ್ಲಿಸಿ, "ಹೊಸ್ತಿಲು ದಾಟಿದ್ಯಾ?" ಎಂದು ಕೇಳಿದರು. "ಇಲ್ಲ ಅಬ್ಬಾ" ಎಂದೆ. ಸರಿ ಎಂದು ಊಟ ಮುಂದುವರಿಸಿದರು. ಅಮ್ಮಿ ಮಾತ್ರ ಅಡುಗೆಮನೆಯಿಂದ ಹೊರಗೆ ಬರಲಿಲ್ಲ.

ಅವರು ಕೇಳಿದ್ದು ಒಂದು ಮಾತು, ನಂಬಿದ್ದು ಒಂದು ಮಾತಿಗೆ. ನೀನು ಎರಡು ಕಾಗದ ಬರೆದೆ.

ಅಲಿಯಾ


ಶಿವಾಜಿನಗರ
ಶುಕ್ರವಾರ, 21 ಫೆಬ್ರುವರಿ 2025

ಶರ್ವಾಣಿ,

ನಿನ್ನೆಯ ಕಾಗದದ ಹಿಂದೆಯೇ ಇದೂ ಬರುತ್ತದೆ. ಸಿಟ್ಟು ಹಾಗೇ ಇದೆ, ಆದರೆ ವಿಷಯ ಸಿಕ್ಕಿತು. ನಾವಿಬ್ಬರೂ ಕದ್ದಿಲ್ಲ!

ಬೆಳಿಗ್ಗೆ ಅಬ್ಬಾನ ಜೊತೆ ಬಾಣಸವಾಡಿಗೆ ಹೋಗುತ್ತಿದ್ದೆ, ನಮ್ಮ ಹಳೇ ಕಾಲೇಜಿನ ಬಸ್ಸಿನಲ್ಲೇ. ನಾವು ಎರಡು ವರ್ಷ ದಿನಾ ಇಳಿಯುತ್ತಿದ್ದ ಸ್ಟಾಪ್ ಬಂತು. ಕಂಡಕ್ಟರ್ ಚಿನ್ನಪ್ಪನವರು ನಿವೃತ್ತಿ ಆಗಿದ್ದಾರೆ. ಈಗ ರೆಕಾರ್ಡ್ ಮಾಡಿದ ಹೆಂಗಸಿನ ದನಿ "ಮುಂದಿನ ನಿಲ್ದಾಣ, ಪಂಪ್‌ಹೌಸ್ ರಸ್ತೆ" ಎನ್ನುತ್ತದೆ. ಅದೇ ಹೊತ್ತಿಗೆ ನನ್ನ ಬಾಯಿಂದ ತಾನಾಗಿ ಇನ್ನೊಂದು ಹೆಸರು ಬಂತು. ಅಬ್ಬಾ "ಅದ್ಯಾವ ಹೆಸರು?" ಎಂದರು. ಅವರಿಗೇ ಗೊತ್ತಿಲ್ಲ! ಹುಟ್ಟಿದಾಗಿನಿಂದ ಶಿವಾಜಿನಗರದಲ್ಲಿರುವವರಿಗೆ ಗೊತ್ತಿಲ್ಲ. ಆ ಬಸ್ಸಿನಲ್ಲಿ ಓಡಾಡಿದ ನಮ್ಮಂಥ ಹತ್ತಿಪ್ಪತ್ತು ಹುಡುಗ ಹುಡುಗಿಯರಿಗೆ ಬಿಟ್ಟರೆ ಯಾರಿಗೂ ಗೊತ್ತಿಲ್ಲ.

ಹನ್ನೊಂದನೇ ಪ್ರಶ್ನೆ ನೆನಪಿಸಿಕೋ. ಒಂದು ಮರ, ಬಸ್ ತಂಗುದಾಣ, ಬೋರ್ಡು ಕತ್ತರಿಸಿ ಹಾಕಿದ ಫೋಟೋ. 'ಈ ನಿಲ್ದಾಣದ ಹೆಸರೇನು?' ನಾನು ಮೊದಲು ಹಾಕಿದ್ದು ಚಿನ್ನಪ್ಪನವರು ಕೂಗುತ್ತಿದ್ದ ಹೆಸರು. ತಪ್ಪು ಎಂದು ಬಂತು, ಮ್ಯಾಪ್ ನೋಡಿ ಬೋರ್ಡಿನ ಹೆಸರು ಹಾಕಿದೆ. ನೀನೂ ಹಾಗೇ ಮಾಡಿದ್ದೀಯ, ಬೇಕಾದರೆ ಕುರಾನ್ ಮುಟ್ಟಿ ಹೇಳುತ್ತೇನೆ.

ಸಮಿತಿಯ ಮುಖ್ಯಸ್ಥ ಸಮರ್ಥ್ ಅವರಿಗೆ ಬಾಣಸವಾಡಿಯಿಂದಲೇ ಫೋನ್ ಮಾಡಿದೆ. ಅವರೂ ವಿದ್ಯಾರ್ಥಿಯೇ, ಕೊನೇ ವರ್ಷ. "ಆ ಹೆಸರು ಇಂಟರ್ನೆಟ್‌ನಲ್ಲಿ ಎಲ್ಲೂ ಇಲ್ಲ. ನಾವು ಹುಡುಕಿದೀವಿ. ಎಲ್ಲೂ ಇಲ್ದಿರೋ ಪದ ಇಬ್ಬರಿಗೆ ಹೊಳೆಯಲ್ಲ ಅಂತಾನೇ ನಿಮ್ಮನ್ನ ಹಿಡಿದಿದ್ದು" ಎಂದರು. "ಇಂಟರ್ನೆಟ್‌ನಲ್ಲಿ ಇಲ್ಲದ್ದು ಬಸ್ಸಿನಲ್ಲಿ ಇರುತ್ತೆ ಸಾರ್" ಎಂದೆ. ಆಮೇಲೆ ಒಂದು ಉಪಾಯ ಕೊಟ್ಟೆ. ನನ್ನ ಹೆಸರು ಎತ್ತದೆ, ಯಾವ ಪ್ರಶ್ನೆ ಎಂದೂ ಹೇಳದೆ, ನಿನಗೆ ಒಂದೇ ಒಂದು ಮಾತು ಕೇಳಲಿ: ಪಿಯುಸಿಯಲ್ಲಿ ನೀವು ಇಳಿಯುತ್ತಿದ್ದ ಸ್ಟಾಪಿಗೆ ಏನನ್ನುತ್ತಿದ್ದಿರಿ? ನೀನು ಅದೇ ಹೆಸರು ಹೇಳಿದರೆ ವಿಷಯ ಇತ್ಯರ್ಥ. ಒಪ್ಪಿದರು.

ಅದಕ್ಕೇ ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಈ ಕಾಗದ ತಲುಪುವುದರೊಳಗೆ ನೀನು ಉತ್ತರ ಕೊಟ್ಟಿರುತ್ತೀಯ. ನಿನಗೆ ಒಂದು ಕ್ಷಣವೂ ಬೇಕಾಗಲ್ಲ.

ಅಲಿಯಾ


ಕಲಬುರಗಿ
ಶನಿವಾರ, 22 ಫೆಬ್ರುವರಿ 2025

ಅಲಿಯಾ,

ನಿನ್ನ 20ರ ಕಾಗದ ಇವತ್ತು ಬೆಳಿಗ್ಗೆ ಬಂತು. ಓದಿ ಅತ್ತೆ. ಅಬ್ಬಾನ ವಿಷಯಕ್ಕೆ ನಿಜವಾಗಿ ಅತ್ತೆ. ನಿನ್ನನ್ನು ನಂಬೋಣ ಎಂದು ಮನಸ್ಸು ಮಾಡಿದ್ದೆ.

ಮಧ್ಯಾಹ್ನ ಆ ಮೇಲ್ ಬಂತು.

ಸಮಿತಿಯ ವಿಳಾಸದಿಂದಲ್ಲ, ಸಮರ್ಥ್ ಎಂಬ ಹೆಸರಿನ ಯಾವುದೋ ಖಾಸಗಿ ವಿಳಾಸದಿಂದ. ಎರಡು ಸಾಲು. 'ಪಿಯುಸಿಯಲ್ಲಿ ಓದುವಾಗ ನೀವು ಇಳಿಯುತ್ತಿದ್ದ ಬಸ್ ಸ್ಟಾಪಿಗೆ ಏನೆಂದು ಕರೆಯುತ್ತಿದ್ದಿರಿ? ನಾಳೆಯೊಳಗೆ ಉತ್ತರಿಸಿ, ಯಾರಿಗೂ ಹೇಳಬೇಡಿ.'

ಸ್ಪರ್ಧೆಗೆ ಮುಂಚೆ ನಡೆದ ಆನ್ಲೈನ್ ತರಗತಿಯಲ್ಲಿ ನೀನೂ ಇದ್ದೆ, ಪರದೆಯ ಆ ಮೂಲೆಯಲ್ಲಿ. ಮೋಸದ ಮೇಲ್ ಗುರುತಿಸುವುದು ಹೇಗೆ ಎಂದು ಹೇಳಿಕೊಟ್ಟಿದ್ದರು. ಗೊತ್ತಿಲ್ಲದ ವಿಳಾಸ, ಅವಸರ, ಗುಟ್ಟು, ಮತ್ತೆ ನಿಮ್ಮ ಹಳೇ ಬದುಕಿನ ಒಂದು ಸಣ್ಣ ಪ್ರಶ್ನೆ. ಮೊದಲ ಶಾಲೆ, ಸಾಕಿದ ನಾಯಿ, ಇಳಿಯುತ್ತಿದ್ದ ಸ್ಟಾಪ್. ಪಾಸ್‌ವರ್ಡ್ ಮುರಿಯುವವರು ಕೇಳುವುದೇ ಇಂಥದ್ದು. ಇದರಲ್ಲಿ ನಾಲ್ಕಕ್ಕೆ ನಾಲ್ಕೂ ಇತ್ತು. ನಾನು ಪಿಯುಸಿಯಲ್ಲಿ ಬಸ್ಸಿಳಿಯುತ್ತಿದ್ದೆ ಎಂದು ಕಲಬುರಗಿಯಲ್ಲಿ ಯಾರಿಗೆ ಗೊತ್ತು? ಆ ಸಮರ್ಥ್‌ಗೆ ಯಾರು ಹೇಳಬೇಕು? ನೀನೊಬ್ಬಳೇ.

ಹಳೇ ಖಾತೆಯ ಪಾಸ್‌ವರ್ಡನ್ನು ಆ ಮೊದಲ ಸೋಮವಾರವೇ ಬದಲಿಸಿದ್ದೆ. ಒಳಗೆ ಬರಲು ಆಗಲಿಲ್ಲ ಅಲ್ಲವಾ? ನಿನ್ನ ಗುರುತು ಅಳಿಸಲು ಹೊರಟಿದ್ದೆ ಅಲ್ಲವಾ?

ಉತ್ತರಿಸಲಿಲ್ಲ. ಅದರ ಬದಲು ಸಮಿತಿಯ ಅಧಿಕೃತ ವಿಳಾಸಕ್ಕೆ ದೂರು ಕೊಟ್ಟೆ. ಜೊತೆಗೆ 11.42ರ ದಾಖಲೆಯನ್ನೂ ಕಳಿಸಿದೆ. ಇಷ್ಟು ದಿನ ಅದನ್ನು ಯಾರಿಗೂ ತೋರಿಸಿರಲಿಲ್ಲ, ವಿಕ್ರಮ್‌ಗೂ.

ನೀನೇ ಮಾಡಿಸಿದ್ದು. ನನಗೆ ಬೇರೆ ದಾರಿ ಇರಲಿಲ್ಲ.

ಶರ್ವಾಣಿ


ಕಲಬುರಗಿ
ಮಂಗಳವಾರ, 25 ಫೆಬ್ರುವರಿ 2025

ಅಲಿಯಾ,

ಗಿಣಿ ಸ್ಟಾಪ್.

ಗಿಣಿ ಸ್ಟಾಪ್ ಕಣೇ. ಯಾವ ಕಾಲದಲ್ಲೋ ಆ ಮರದ ಕೆಳಗೆ ಗಿಣಿಶಾಸ್ತ್ರದವನು ಕೂರುತ್ತಿದ್ದನಂತೆ, ಚಿನ್ನಪ್ಪನವರು ಸೇರಿದಾಗಲೇ ಅವನಿರಲಿಲ್ಲ. "ಗಿಣಿ ಗಿಣಿ ಗಿಣಿ, ಇಳೀರಮ್ಮಾ ಗಿಣಿ, ಕಾಲೇಜ್ ಮರಿಗಳೆಲ್ಲ ಇಳೀರಿ!" ಹನ್ನೊಂದನೇ ಪ್ರಶ್ನೆಯ ಫೋಟೋ ತೆರೆದಾಗ ನನ್ನ ಕಿವಿಯಲ್ಲಿ ಅವರ ದನಿಯೇ ಕೇಳಿತ್ತು. ಯೋಚಿಸದೆ ಹಾಕಿದೆ. ತಪ್ಪು ಎಂದು ಬಂದಾಗ ನಕ್ಕು, ಮರೆತೂಬಿಟ್ಟೆ.

ನಿನ್ನ 21ರ ಕಾಗದ ಇವತ್ತು ಹನ್ನೊಂದು ಗಂಟೆಗೆ ಬಂತು. ಸಮಿತಿಯ ತೀರ್ಪು ನಿನ್ನೆ ಸಂಜೆಯೇ ಬಂದಿತ್ತು. 'ಚಾವಿ' ಹೊರಗೆ, ಕಾಲೇಜಿಗೆ ಪತ್ರ, 'ತೊಗರಿ' ಫೈನಲ್‌ಗೆ. ನಿನ್ನೆ ಸಂಜೆ ನನ್ನ ತಂಡದವರು ಮಿರ್ಚಿ ಭಜ್ಜಿ ತಂದು ಹಂಚಿದರು. ನಾನೂ ತಿಂದೆ.

ಸಮರ್ಥ್‌ಗೆ ಫೋನ್ ಮಾಡಿದೆ. ಆ ಮೇಲ್ ಅವರದೇ. ಸಮಿತಿಯ ಉಳಿದವರಿಗೆ ತಿಳಿಯದೆ ಪರೀಕ್ಷಿಸೋಣ ಎಂದು ಸ್ವಂತ ವಿಳಾಸದಿಂದ ಕಳಿಸಿದ್ದರಂತೆ. "ನಿಮ್ಮ ಉತ್ತರಕ್ಕೆ ಭಾನುವಾರ ರಾತ್ರಿ ತನಕ ಕಾದೆ ರೀ. ಉತ್ತರ ಬರ್ಲಿಲ್ಲ, ಬದಲಿಗೆ ಆ 11.42 ಬಂತು. ನಾನು ಇನ್ನೇನು ಮಾಡ್ಲಿ?" ಎಂದರು. ಗಿಣಿ ಸ್ಟಾಪ್, ಗಿಣಿ ಸ್ಟಾಪ್ ಎಂದು ಎರಡು ಸಲ ಹೇಳಿದೆ. "ಈಗ ಹೇಳಿ ಏನು ಬಂತು? ನಿಮಗೆ ಅವರ ಕಾಗದ ತಲುಪಿದೆ ಅಂತ ನೀವೇ ಹೇಳ್ತಿದೀರ" ಎಂದರು. ಹೆಸರು ನೀನು ಬರೆದಿಲ್ಲ ಎಂದರೆ ನಂಬಲಿಲ್ಲ. ಕಾಗದದ ಫೋಟೋ ಕಳಿಸುತ್ತೇನೆ ಎಂದರೆ, ಇನ್ನೆಷ್ಟು ಕಾಗದ ಇವೆಯೋ ಯಾರಿಗೆ ಗೊತ್ತು ಎಂದರು. ನಾನು ಜಾಣತನ ಮಾಡಿ ಹುಡುಕಿದ ಕಿಟಕಿ ಇದು.

ಖಾತೆಯ ದಾಖಲೆಯನ್ನು ಮತ್ತೆ ತೆರೆದು ನೋಡಿದೆ. ನೀನು ಹೇಳಿದ ಹಾಗೆಯೇ ಇದೆ. ಉತ್ತರದ ಫೈಲನ್ನು ಅವತ್ತು ನನ್ನ ಹೊರತು ಯಾರೂ ತೆರೆದಿಲ್ಲ. ಅದನ್ನು ಎರಡು ವಾರದ ಹಿಂದೆಯೇ ನೋಡಬಹುದಿತ್ತು. ನೀನು ಬಂದದ್ದು ಕಂಡ ಕೂಡಲೇ ಮುಂದೆ ನೋಡುವುದನ್ನೇ ಬಿಟ್ಟಿದ್ದೆ.

ಅಲ್ಲಿ ಉತ್ತರ ಯಾಕೆ ಇಟ್ಟೆ ಎಂದು ನೀನು ಕೇಳಿದ್ದೆ. ಇಲ್ಲಿ ಕ್ಲಾಸಿನಲ್ಲಿ ನನಗೆ ಯಾರೂ ಅಷ್ಟು ಹತ್ತಿರವಿಲ್ಲ. ಮಾತಾಡಿದರೆ ಬೆಂಗಳೂರಿನವಳು ಎನ್ನುತ್ತಾರೆ. ಆ ಖಾತೆ ತೆರೆದರೆ ನಿನ್ನ ನೋಟ್ಸ್, ನೀನು ಬರೆದ ಬೈಗುಳ ಎಲ್ಲ ಇರುತ್ತದೆ. ಅದಕ್ಕೇ ದಿನಾ ಅಲ್ಲೇ ಕೆಲಸ ಮಾಡುತ್ತೇನೆ. ಕೊಬ್ಬರಿ ಚೂರಲ್ಲ.

ಬೈದು ಒಂದು ಸಾಲು ಬರೆ.

ಶರ್ವಾಣಿ


ಕಲಬುರಗಿ
ಸೋಮವಾರ, 3 ಮಾರ್ಚ್ 2025

ಅಲಿಯಾ,

ನಿನ್ನ ಕಾಗದ ಬರಲಿಲ್ಲ. ಪೋಸ್ಟ್‌ಮನ್ ರಾಮು ಅವರೇ ಈಗ ದೂರದಿಂದಲೇ ತಲೆಯಾಡಿಸಿ ಹೋಗುತ್ತಾರೆ.

ತಂಡದವರಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. ಫೈನಲ್‌ನಿಂದ ಹಿಂದೆ ಸರಿದಿದ್ದೇವೆ. 'ಸರಿದಿದ್ದೇವೆ' ಎಂದರೆ ನಾನು ಸರಿದೆ, ಮೂವರು ಆಡಲು ನಿಯಮ ಬಿಡಲಿಲ್ಲ. ವಿಕ್ರಮ್ ಮಾತು ಬಿಟ್ಟಿದ್ದಾನೆ, ಬಿಡಲಿ, ಅವನ ಸಿಟ್ಟಿನಲ್ಲಿ ತಪ್ಪಿಲ್ಲ.

ನಡೆದದ್ದನ್ನೆಲ್ಲ ತಾರೀಖು ಹಾಕಿ, ಸಹಿ ಮಾಡಿ ಮೂರು ಪ್ರತಿ ಬರೆದೆ. ದೂರು ಕೊಟ್ಟವಳು ನಾನು, ಅದು ಸುಳ್ಳಾಗಿತ್ತು, ಅಲಿಯಾ ಬಾಗಿಲು ತೆರೆದಳು, ಒಳಗೆ ಹೋಗಲಿಲ್ಲ ಎಂದು. ಫೈಲಿನ ದಾಖಲೆಯನ್ನೂ ಲಗತ್ತಿಸಿದೆ. ಒಂದು ಸಮಿತಿಗೆ, ಒಂದು ಬಿಲ್ಕೀಸ್ ಮೇಡಂಗೆ. ಮೂರನೆಯದು ಅಬ್ಬಾಗೆ, ಅಂಗಡಿಯ ವಿಳಾಸಕ್ಕೆ. ಅವರು ಕನ್ನಡ ನಿಧಾನಕ್ಕೆ ಓದುತ್ತಾರೆ ಎಂದು ದೊಡ್ಡ ಅಕ್ಷರದಲ್ಲಿ ಬರೆದಿದ್ದೇನೆ. ನೀನು ಹರಿದು ಹಾಕಬೇಡ, ಅವರೇ ಓದಲಿ.

ಖಾತೆಯ ಹೊಸ ಪಾಸ್‌ವರ್ಡ್ ಈ ಕಾಗದದ ಹಿಂದೆ ಬರೆದಿದ್ದೇನೆ. ಅದರಲ್ಲಿ ನಿನ್ನದೂ ಅರ್ಧ ಇದೆ.

ರಂಜಾನ್ ರೋಜಾ ಶುರುವಾಗಿದೆ ಅಲ್ಲವಾ? ಹುಷಾರು.

ಶರ್ವಾಣಿ


ಶಿವಾಜಿನಗರ
ಮಂಗಳವಾರ, 11 ಮಾರ್ಚ್ 2025

ಶರ್ವಾಣಿ,

ಫೈನಲ್ ಮೊನ್ನೆ ಮುಗಿಯಿತು. ಕಮ್ಮನಹಳ್ಳಿಯ ಹುಡುಗರ ಯಾವುದೋ ತಂಡ ಗೆದ್ದಿತಂತೆ. ನಾನು ಅವತ್ತು ಮಧ್ಯಾಹ್ನವೆಲ್ಲ ಅಂಗಡಿಯಲ್ಲಿ ಅಬ್ಬಾನ ಪಕ್ಕ ಕೂತು ತುಕ್ಕು ಹಿಡಿದ ಬೀಗಗಳಿಗೆ ಎಣ್ಣೆ ಬಿಟ್ಟೆ.

ಸಮಿತಿಯವರು ಕಾಲೇಜಿಗೆ ಕಳಿಸಿದ ಪತ್ರವನ್ನು ನಿನ್ನೆ ವಾಪಸ್ ಪಡೆದರು. ಬಿಲ್ಕೀಸ್ ಮೇಡಂ ನನ್ನೆದುರಿಗೇ ಅದನ್ನು ಹರಿದರು. ಸಮರ್ಥ್ ಶುಕ್ರವಾರ ಆ ಬಸ್ಸಿನಲ್ಲಿ ಹೋಗಿ, ನಮ್ಮ ಹಳೇ ಕಾಲೇಜಿನ ಹುಡುಗಿಯೊಬ್ಬಳನ್ನು ಕೇಳಿದರಂತೆ. "ಇದಾ? ನಮ್ಮಕ್ಕ ಗಿಣಿ ಸ್ಟಾಪ್ ಅಂತಿದ್ಲು" ಎಂದಳಂತೆ. ನನಗೆ ಫೋನ್ ಮಾಡಿ ಸಾರಿ ಎಂದರು. ಮೊದಲೇ ಬಸ್ಸು ಹತ್ತಿದ್ದರೆ ಚೆನ್ನಾಗಿತ್ತು ಎಂದೆ.

ಶ್ರೀನಿವಾಸ್ ಅಂಕಲ್ ಇನ್ನೂ ಬಂದಿಲ್ಲ. ಆಶ್ರಿತಾ ಮನೆಯಲ್ಲಿ ಹೇಳಿದ್ದಾಳೆ, ಅವರಿಗೆ ಗೊತ್ತು. ಆದರೂ ಗಲ್ಲಿಯ ಆಚೆ ಬದಿಯಿಂದ ನಡೆದು ಹೋಗುತ್ತಾರೆ. ಅನುಮಾನಪಟ್ಟವರಿಗೆ ಮತ್ತೆ ಬರಲು ನಾಚಿಕೆ ಇರುತ್ತದಂತೆ, ಅಬ್ಬಾ ಹೇಳುತ್ತಾರೆ. ಅವರ ಲಾಡ್ಜಿನ ಹಳೇ ಬೀಗದ ಅಳತೆ ಚೀಟಿಗಳನ್ನು ಅಬ್ಬಾ ಎಸೆದಿಲ್ಲ.

ನಿನ್ನ ಕಾಗದವನ್ನು ಅಬ್ಬಾ ಎರಡು ದಿನ ಓದಿದರು. ಬೆರಳಿಟ್ಟು, ಒಂದೊಂದೇ ಸಾಲು. 'ಬಾಗಿಲು ತೆರೆದಳು, ಒಳಗೆ ಹೋಗಲಿಲ್ಲ' ಎಂಬಲ್ಲಿಗೆ ಬಂದಾಗ ನನ್ನನ್ನು ಕರೆದು ಅದನ್ನು ಮತ್ತೆ ಓದಿಸಿದರು. ಮಡಿಸಿ ಅಳತೆಗಳ ಡಬ್ಬಿಯಲ್ಲಿಟ್ಟರು. ಅವತ್ತಿನಿಂದ ದಿನಾ ಇಫ್ತಾರ್ ಹೊತ್ತಿಗೆ, ಖರ್ಜೂರ ಬಾಯಿಗೆ ಹಾಕುವ ಮುಂಚೆ, "ಜವಾಬು ಬರೆದ್ಯಾ?" ಎಂದು ಕೇಳುತ್ತಾರೆ. ಇಷ್ಟು ದಿನ ಇಲ್ಲ ಎಂದೆ.

ನನ್ನ ತಪ್ಪೂ ಇದೆ. ಮರೆತುಹೋಗಿತ್ತು ಎಂದು ಬರೆದ ಆ ಒಂದು ಸಾಲು. ಆದರೆ ನನಗೆ ಇನ್ನೂ ನೋವಿದೆ ಶರ್ವಾಣಿ, ಇಲ್ಲ ಎನ್ನುವುದಿಲ್ಲ. ಅಪರಿಚಿತರು ಅನುಮಾನಪಟ್ಟರೆ ಅಬ್ಬಾ ಅವರನ್ನು ಪಕ್ಕದಲ್ಲೇ ನಿಲ್ಲಿಸಿಕೊಂಡು ಕೆಲಸ ಮಾಡುತ್ತಾರೆ. ನೀನು ಪಕ್ಕದಲ್ಲೇ ನಿಂತಿದ್ದವಳು.

ನೀನು ಕೊಟ್ಟ ಪಾಸ್‌ವರ್ಡ್ ಹಾಕಿ ಖಾತೆ ತೆರೆದೆ. ನನ್ನ ಬೈಗುಳಗಳನ್ನು ನೀನು ಒಂದೂ ಅಳಿಸಿಲ್ಲ. ಓದುತ್ತಾ ಇದ್ದೆ, ಬೆಳಗಿನ ಜಾವ ಅಮ್ಮಿ ಸೆಹ್ರಿ ಊಟಕ್ಕೆ ಕರೆಯುವವರೆಗೂ. ಆಮೇಲೆ ಪಾಸ್‌ವರ್ಡ್ ಬದಲಿಸಿದೆ. ಈಗ ನಿನಗೆ ಒಳಗೆ ಬರಲಾಗುವುದಿಲ್ಲ.

ಹೊಸದು ಏನೆಂದು ಬರೆಯುವುದಿಲ್ಲ. ಒಂದು ಪ್ರಶ್ನೆ ಮಾತ್ರ ಕೇಳುತ್ತೇನೆ, ಉತ್ತರವೇ ಪಾಸ್‌ವರ್ಡ್. ಪಿಯುಸಿಯಲ್ಲಿ ನಾವು ಇಳಿಯುತ್ತಿದ್ದ ಸ್ಟಾಪಿಗೆ ಏನನ್ನುತ್ತಿದ್ದೆವು?

ಈ ಸಲ ಉತ್ತರ ಕೊಡು.

ಅಲಿಯಾ